ಬೆಟ್ಟಕ್ಕೆ ಬಾಡಿಗೆ ಕಾರೋ, ರೈಲೋ? ಮ್ಯೂನಿಕ್‌ನಲ್ಲಿ ನಾವು ಕಂಡದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ರೈಲಿಗೆ. ಬಾಡಿಗೆ ಕಾರಿನ ಚಕ್ರದ ಮೇಲಿನ ಒಂದು ಗೀರಿಗೆ ನಾವು ಐದು ಜನ ಸೇರಿ ದುಡ್ಡು ಕಟ್ಟಿ ಇನ್ನೂ ಎರಡು ತಿಂಗಳಾಗಿಲ್ಲ. ಸಮತೂಕದ ಮಾತು ಬೇಕಿದ್ದವರು ಬೇರೆ ಯಾರನ್ನಾದರೂ ಕೇಳಿ.

ನಾನು ಕುಮಟಾದವಳು. ಕೆಲಸಕ್ಕೆ ಅಂತ ಮ್ಯೂನಿಕ್‌ಗೆ ಬಂದು ಎರಡು ವರ್ಷ ಆಯಿತು. ಇಲ್ಲಿ ಶನಿವಾರ ಬಂತೆಂದರೆ ಅರ್ಧ ಊರು ಬೂಟು ಕಟ್ಟಿಕೊಂಡು ದಕ್ಷಿಣಕ್ಕೆ, ಆಲ್ಪ್ಸ್ ಕಡೆಗೆ ಹೊರಡುತ್ತದೆ. ಶಿರಸಿಯ ಹುಡುಗ, ದಾವಣಗೆರೆಯ ಗಂಡ ಹೆಂಡತಿ, ನನ್ನ ಆಫೀಸಿನ ಒಬ್ಬಳು ಪೋಲಿಷ್ ಹುಡುಗಿ ಮತ್ತು ನಾನು. ಇದು ನಮ್ಮ ಗ್ಯಾಂಗು.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಇಡೀ ಜರ್ಮನಿಗೆ ಆಗುವ ತಿಂಗಳ ಪಾಸು, ನಮ್ಮೆಲ್ಲರ ಹತ್ತಿರ ಹೇಗೂ ಇದೆ, ದಿನಾ ಆಫೀಸಿಗೆ ಹೋಗಲು ಅದೇ. 2023ರ ಮೇ ತಿಂಗಳಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೋ ಇತ್ತು, 2026ರ ಜನವರಿಯಿಂದ 63 ಆಗಿದೆ. ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ. ಆದರೆ ಬೆಟ್ಟದ ಕಡೆಗೆ ಹೋಗುವ ಲೋಕಲ್ ರೈಲು, ಹಳ್ಳಿ ಬಸ್ಸು ಎಲ್ಲಕ್ಕೂ ಆಗುತ್ತದೆ. ಅಂದರೆ ಬೆಟ್ಟಕ್ಕೆ ಹೋಗಿಬರಲು ನಮಗೆ ಬೇರೆ ಖರ್ಚೇ ಇಲ್ಲ. ಕಾರಿಗೆ ಬಾಡಿಗೆ, ಪೆಟ್ರೋಲು, ಇನ್ಶೂರೆನ್ಸು, ಪಾರ್ಕಿಂಗು. ಲೆಕ್ಕ ಬೇಡ ಬಿಡಿ.

ಹಾಗಿದ್ದೂ ಕಾರು ಯಾಕೆ ತಗೊಂಡೆವು? ಆಸೆ. ನಮಗೆ ಬೇಕಾದಾಗ ಹೊರಡಬಹುದು, ಹಾಡು ಹಾಕಿಕೊಂಡು ಹೋಗಬಹುದು, ಸುಸ್ತಾದರೆ ಹಿಂದಿನ ಸೀಟಿನಲ್ಲಿ ಮಲಗಬಹುದು ಅಂತ. ಆದರೆ ಓಡಿಸುವವರು ಯಾರು? ಊರಿನ ಲೈಸೆನ್ಸ್ ಇಲ್ಲಿ ಬಂದು ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಪಾಸಾಗಬೇಕು. ನಮ್ಮಲ್ಲಿ ಪಾಸಾದವರು ದಾವಣಗೆರೆಯ ಅಣ್ಣ ಒಬ್ಬರೇ. ಬೆಳಿಗ್ಗೆ ಆರಕ್ಕೆ ಹೊರಡುವ ಕನಸು ಕಂಡಿದ್ದೆವು. ಬಾಡಿಗೆ ಆಫೀಸು ಬಾಗಿಲು ತೆಗೆದದ್ದು ಎಂಟಕ್ಕೆ!

ಹೋದದ್ದು ವಾಲ್ಖನ್‌ಸೇ ಕೆರೆಗೆ. ಅಲ್ಲಿಂದ 1,731 ಮೀಟರಿನ ಹೆರ್ಟ್ಸೋಗ್‌ಸ್ಟಾಂಡ್ ಹತ್ತಿ, ಬೆಟ್ಟದ ಬೆನ್ನಿನ ಮೇಲೆ ನಡೆದು 1,790 ಮೀಟರಿನ ಹೈಮ್‌ಗಾರ್ಟನ್ ಮುಟ್ಟುವ ದಾರಿ. ಎತ್ತರದಲ್ಲಿ ಎರಡೂ ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡ. ಆದರೆ ಅಲ್ಲಿ ತುದಿಯ ಹತ್ತಿರದವರೆಗೂ ಜೀಪು ಹೋಗುತ್ತದೆ, ಇಲ್ಲಿ ನಾವು ಕೆರೆಯ ದಂಡೆಯಿಂದಲೇ ಏರಿದೆವು. ನಾವು ಮುಟ್ಟುವಾಗ ಹತ್ತು ಗಂಟೆ. ಪಾರ್ಕಿಂಗ್ ತುಂಬಿತ್ತು. ಮುಂದೆ ಎಲ್ಲೋ ರಸ್ತೆ ಬದಿಯ ಜಾಗದಲ್ಲಿ ತುರುಕುವಾಗ ಚಕ್ರ ಕಲ್ಲಿಗೆ ಉಜ್ಜಿತು. ಮೇಲೆ ಹೇಳಿದ ಗೀರು ಅದೇ.

ಬೆಟ್ಟದ ಬೆನ್ನು ಮಾತ್ರ ಅದ್ಭುತ. ಎಡಕ್ಕೆ ವಾಲ್ಖನ್‌ಸೇ, ಬಲಕ್ಕೆ ಕೋಖಲ್‌ಸೇ, ನಡುವೆ ಕಾಲುದಾರಿ. ಕಿರಿದಾದ ಕಡೆ ಹಿಡಿದುಕೊಳ್ಳಲು ಉಕ್ಕಿನ ಹಗ್ಗ ಕಟ್ಟಿದ್ದಾರೆ. ಶಿರಸಿಯ ಹುಡುಗ ಆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗೆ ನೋಡದೆ, ಇಡೀ ದಾರಿ ಅಡಿಕೆ ರೇಟಿನ ಬಗ್ಗೆ ಮಾತಾಡಿದ.

ತೊಂದರೆ ಬಂದದ್ದು ಇಳಿಯುವಾಗ. ಹೈಮ್‌ಗಾರ್ಟನ್ ತುದಿಯಲ್ಲಿ ಹಳದಿ ಫಲಕ, ಅದರಲ್ಲಿ ಬೆಟ್ಟದ ಆಚೆ ಬದಿಯ ಊರು ಓಲ್‌ಶ್ಟಾಟ್‌ನ ಹೆಸರು. ಆ ಊರಿಗೆ ರೈಲ್ವೆ ಸ್ಟೇಷನ್ ಇದೆ. ರೈಲಿನಲ್ಲಿ ಬಂದಿದ್ದ ಮುದುಕ ದಂಪತಿ ಆರಾಮವಾಗಿ ಆ ಕಡೆ ಇಳಿದು ಹೋದರು. ನಮಗೂ ಆ ಕಡೆಗೇ ಮನಸ್ಸು. ಆದರೆ ಕಾರು ಈ ಕಡೆ ಇತ್ತಲ್ಲ! ಹಗ್ಗಕ್ಕೆ ಕಟ್ಟಿದ ದನದ ಹಾಗೆ ಅದೇ ಗೂಟಕ್ಕೆ ವಾಪಸ್ಸು. ಕಡಿದಾದ ಇಳಿಜಾರು, ಶಿರಸಿಯವನ ಮೊಣಕಾಲು ಬೇರೆ ಹಿಡಿದುಕೊಂಡಿತು. ಕೆಳಗೆ ಬಂದು ನಾವೆಲ್ಲ ಬಿಯರಿಗೆ ನಿಂಬೆ ಸೋಡಾ ಬೆರೆಸಿದ ರಾಡ್ಲರ್ ಕುಡಿದೆವು. ಡ್ರೈವರ್ ಅಣ್ಣ ಸೇಬಿನ ಜ್ಯೂಸು ಕುಡಿದು, ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಒಬ್ಬರೇ ಎಚ್ಚರ ಇದ್ದರು. ಹಿಂದೆ ಎಲ್ಲರೂ ಗೊರಕೆ. ಮನೆಗೆ ಹೋದ ಮೇಲೆ ಅಣ್ಣನ ಹೆಂಡತಿ ಫೋನ್ ಮಾಡಿ, “ಇವರನ್ನ ಇನ್ನು ಡ್ರೈವರ್ ಮಾಡಬೇಡಿ, ಬೆಟ್ಟ ನೋಡಿದ್ದೇ ನೆನಪಿಲ್ಲ ಅಂತಿದಾರೆ” ಅಂದರು.

ಮುಂದಿನ ತಿಂಗಳು ಅದೇ ಬೆಟ್ಟಕ್ಕೆ ರೈಲಿನಲ್ಲಿ ಹೋದೆವು. ಕೋಖಲ್‌ವರೆಗೆ ರೈಲು, ಅಲ್ಲಿಂದ ಘಾಟಿ ಹತ್ತುವ ಬಸ್ಸು. ಇಳಿದದ್ದು ಓಲ್‌ಶ್ಟಾಟ್‌ಗೆ. ಬಸ್ಸು ಕಡಿಮೆ, ತಪ್ಪಿದರೆ ಕಾಯಬೇಕು, ನಿಜ. ಆದರೆ ಹೊರಟ ಜಾಗಕ್ಕೇ ಮರಳಬೇಕು ಅನ್ನುವ ಚಿಂತೆ ಇಲ್ಲ.

ರೈಲು ಅಂದರೆ ಎಲ್ಲ ಸಲೀಸು ಅಂತಲ್ಲ. ಅದರ ಒಂದು ತರಲೆ ಹೇಳಲೇಬೇಕು. ಟೆಗರ್ನ್‌ಸೇ ಕಡೆಗೆ ಹೋಗುವ ರೈಲು ಮ್ಯೂನಿಕ್‌ನಿಂದ ಒಂದೇ ಆಗಿ ಹೊರಡುತ್ತದೆ. ಹೋಲ್ಟ್ಸ್‌ಕಿರ್ಷೆನ್‌ನಲ್ಲಿ ಒಂದು ತುಂಡು ಕಳಚಿಕೊಂಡು ಬೈರಿಶ್‌ಟ್ಸೆಲ್‌ಗೆ ಹೋಗುತ್ತದೆ. ಉಳಿದದ್ದು ಶಾಫ್ಟ್‌ಲಾಖ್‌ನಲ್ಲಿ ಮತ್ತೆ ಎರಡಾಗಿ, ಒಂದು ಟೆಗರ್ನ್‌ಸೇಗೆ, ಇನ್ನೊಂದು ಲೆಂಗ್ರೀಸ್‌ಗೆ. ತುಂಡಿನಿಂದ ತುಂಡಿಗೆ ಒಳಗಿನಿಂದ ದಾಟಲು ದಾರಿ ಇಲ್ಲ.

ಇದು ನನಗೇ ಗೊತ್ತಿರಬೇಕಿತ್ತು. ಮೊದಲು ಬೆಂಗಳೂರಿನಿಂದ ಬರುತ್ತಿದ್ದ ಕಣ್ಣೂರು ಕಾರವಾರ ರೈಲು ಮಂಗಳೂರಿನಲ್ಲಿ ಹೀಗೇ ಎರಡಾಗುತ್ತಿತ್ತು. ಬೋಗಿ ತಪ್ಪಿದರೆ ಕುಮಟಾ ಬದಲು ಕೇರಳ ಅಂತ ಅಪ್ಪ ಪ್ರತಿ ಸಲ ಹೆದರಿಸುತ್ತಿದ್ದರು. ಆದರೂ ಆ ಶನಿವಾರ ಒಂದು ಬಾಗಿಲಲ್ಲಿ ರಶ್ಶು ಅಂತ ಹಿಂದಿನ ಬಾಗಿಲಿಗೆ ಓಡಿ ಹತ್ತಿದೆ. ಅನೌನ್ಸ್‌ಮೆಂಟ್ ಬಂತು. ಬವೇರಿಯಾದ ಜರ್ಮನ್, ಅದೂ ಸ್ಪೀಕರಿನಲ್ಲಿ. ಊರಿನ ಹೆಸರುಗಳು ಬಿಟ್ಟರೆ ಒಂದೂ ಅರ್ಥ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಲ್ಲಿ ಮೀಸ್‌ಬಾಖ್ ಅಂತ ಬೋರ್ಡು ಕಂಡಿತು. ಅದು ಬೈರಿಶ್‌ಟ್ಸೆಲ್ ದಾರಿ. ಅಷ್ಟರಲ್ಲಿ ಶಿರಸಿಯವನ ಫೋನು: “ನೀ ಎಲ್ಲಿದ್ರೂ ಅಡ್ಡಿಲ್ಲ, ಬುತ್ತಿ ಎಲ್ಲಿ ಮಾರಾಯ್ತಿ?”

ಬುತ್ತಿ ನನ್ನ ಮಡಿಲಲ್ಲಿತ್ತು. ಐದು ಜನರ ಚಪಾತಿ, ಶೇಂಗಾ ಚಟ್ನಿಪುಡಿ, ಡಬ್ಬಿ ತುಂಬ ಮೊಸರನ್ನ. ಇಳಿದು, ಹೋಲ್ಟ್ಸ್‌ಕಿರ್ಷೆನ್‌ಗೆ ವಾಪಸ್ಸು ಬಂದು, ಮುಂದಿನ ರೈಲು ಹಿಡಿದು ಟೆಗರ್ನ್‌ಸೇ ಮುಟ್ಟುವಾಗ ಅವರು ಬೆಟ್ಟದ ಮೇಲೆ ನೊಯ್‌ರಾಯ್ಟ್ ಅನ್ನುವ ಊಟದ ಮನೆಯಲ್ಲಿ ಕೂತು ಕೈಸರ್‌ಶ್ಮಾರ್ನ್ ತಿನ್ನುತ್ತಿದ್ದರು. ದೋಸೆಯನ್ನು ಹರಿದು ಸಕ್ಕರೆ ಪುಡಿ ಉದುರಿಸಿದ ಹಾಗೆ ಇರುತ್ತದೆ ಅದು. ನನಗೆ ಒಂದು ಚೂರೂ ಉಳಿಸಿರಲಿಲ್ಲ.

ಸೈಕಲ್ಲೂ ನೋಡಿದ್ದೇವೆ. ಇಸಾರ್ ನದಿ ಪಕ್ಕದಲ್ಲಿ ವೋಲ್ಫ್‌ರಾಟ್ಸ್‌ಹೌಸೆನ್‌ವರೆಗೆ ಹೋಗಿ ಲೋಕಲ್ ಟ್ರೈನಿನಲ್ಲಿ ಬರಬಹುದು, ಸೈಕಲ್ಲಿಗೆ ಬೇರೆ ಟಿಕೆಟ್ ಬೇಕು. ಚೆನ್ನಾಗಿದೆ, ಆದರೆ ಬೆಟ್ಟ ಅಲ್ಲ.

ಚಿಕ್ಕ ಮಕ್ಕಳಿದ್ದರೆ, ಇಲ್ಲವೇ ಬಸ್ಸೂ ಹೋಗದ ಕಣಿವೆಯೇ ಬೇಕು ಅಂದರೆ ಕಾರು ತಗೊಳ್ಳಿ. ಆಸ್ಟ್ರಿಯಾದ ಹೆದ್ದಾರಿಗೆ ಹೋಗುವುದಾದರೆ ವಿನ್ಯೆಟ್, ಅಂದರೆ ಟೋಲ್ ಚೀಟಿ, ಕೊಳ್ಳಲು ಮರೆಯಬೇಡಿ. ನಾನು ಬೆಳಿಗ್ಗೆ ಏಳುವುದು ಲೇಟು, ಲೈಸೆನ್ಸ್ ಇಲ್ಲ, ರಾಡ್ಲರ್ ಇಷ್ಟ. ನನಗೆ ರೈಲೇ ಸರಿ. ಬರುವ ಶನಿವಾರ ಲೆಂಗ್ರೀಸ್. ಬುತ್ತಿ ಮಾತ್ರ ಈಗ ಎರಡು ಚೀಲದಲ್ಲಿ ಕಟ್ಟುತ್ತೇವೆ, ಮೊಸರನ್ನ ಶಿರಸಿಯವನ ಹತ್ತಿರ.