ಮೂರು ಅಂಕಿ ತೋರಿಸಿ ‘ಫಾರ್ಮ್ ಸೂಪರ್’ ಎನ್ನುವವರ ಬಗ್ಗೆ ಎಚ್ಚರ

ದುಡ್ಡು ಕೊಟ್ಟು ರೇಸ್ ಟಿಪ್ಸ್ ಪಡೆಯುವ ಗುಂಪಿಗೆ ಸೇರಿದ್ದರೆ, ಅಥವಾ ಸೇರುವ ಯೋಚನೆಯಲ್ಲಿದ್ದರೆ, ದಯವಿಟ್ಟು ಇದನ್ನು ಓದಿ. ತಿಂಗಳಿಗಿಷ್ಟು ಎಂದು ಹಣ ಪಡೆದು ಪ್ರತಿ ರೇಸ್ ದಿನ ಬೆಳಿಗ್ಗೆ ‘ಫಾರ್ಮ್ ಚಾರ್ಟ್’ (ಕುದುರೆಗಳು ಹಿಂದಿನ ಓಟಗಳಲ್ಲಿ ಪಡೆದ ಸ್ಥಾನಗಳ ಪಟ್ಟಿ) ಕಳಿಸುವ ಒಬ್ಬರ ಗುಂಪಿನಲ್ಲಿ ನಾನಿದ್ದೆ. ಆ ಚಾರ್ಟ್ ನಂಬಿ ಕಟ್ಟಿದ ಹಣ ಹೋಯಿತು. ಅದಕ್ಕಿಂತ ನನಗೆ ಸಿಟ್ಟು ತರಿಸಿದ್ದು ಚಾರ್ಟ್‌ನಲ್ಲಿ ಬೇಕೆಂದೇ ಬಿಟ್ಟಿದ್ದ ವಿಷಯಗಳು. ಇದೇ ರೀತಿಯ ಚಾರ್ಟುಗಳು ಈಗ ಎಲ್ಲ ಕಡೆ ಓಡಾಡುತ್ತಿವೆ.

ಅವತ್ತಿನ ಚಾರ್ಟ್‌ನಲ್ಲಿ ಕುದುರೆಯ ಹೆಸರು, ಜಾಕಿಯ ಹೆಸರು, ಪಕ್ಕದಲ್ಲಿ ದಪ್ಪ ಹಸಿರು ಅಕ್ಷರದಲ್ಲಿ ‘1 1 2’, ಅಂದರೆ ಹಿಂದಿನ ಮೂರು ಓಟಗಳಲ್ಲಿ ಬಂದ ಸ್ಥಾನಗಳು. ಕೆಳಗೆ ಒಂದೇ ಸಾಲು: ‘ಸತತ ಫಾರ್ಮ್, ಕಣ್ಣುಮುಚ್ಚಿ ಕಟ್ಟಿ’. ಓಟ 1600 ಮೀಟರ್. ಹಿಂದಿನ ರಾತ್ರಿಯ ಮಳೆಗೆ ಟ್ರ್ಯಾಕ್ ನೆನೆದಿತ್ತು. ಕುದುರೆ ಗೇಟಿನಿಂದಲೇ ಚಿಮ್ಮಿ ಮುಂದೆ ನಿಂತಿತು, ತಿರುವಿನವರೆಗೂ ಅದರದ್ದೇ ಲೀಡ್. ಕೊನೆಯ 300 ಮೀಟರ್‌ನಲ್ಲಿ ಹೆಜ್ಜೆ ಕುಗ್ಗಿತು, ತಲೆ ಮೇಲೆದ್ದಿತು, ಒಂದೊಂದಾಗಿ ಕುದುರೆಗಳು ಪಕ್ಕದಿಂದ ದಾಟಿದವು. ಇನ್ನು ಒತ್ತಾಯಿಸಿ ಪ್ರಯೋಜನವಿಲ್ಲ ಎಂದು ಜಾಕಿ ಸುಮ್ಮನಾದ. ಅವನು ಮಾಡಿದ್ದು ಸರಿ, ಕುದುರೆಯಲ್ಲಿ ಏನೂ ಉಳಿದಿರಲಿಲ್ಲ. ಕೊನೆಯಿಂದ ಎರಡನೆಯದಾಗಿ ಬಂತು. ಸ್ವಲ್ಪ ಹೊತ್ತಿಗೆಲ್ಲ ಗುಂಪಿನಲ್ಲಿ ‘ಜಾಕಿ ಕೈಕೊಟ್ಟ’ ಎಂಬ ಸಂದೇಶ ಬಂತು. ಸಂಜೆ ನೋಡಿದರೆ ಬೆಳಗಿನ ಚಾರ್ಟೇ ಇಲ್ಲ, ಅಳಿಸಿಬಿಟ್ಟಿದ್ದರು.

ಆ ಕುದುರೆಯ ಅಧಿಕೃತ ದಾಖಲೆ ತೆಗೆದು ನೋಡಿದೆ. ಅಲ್ಲಿದ್ದದ್ದು ‘11-2’. ನಡುವಿನ ಆ ಅಡ್ಡಗೆರೆಯನ್ನು ಚಾರ್ಟ್ ಮಾಡಿದವರು ತೆಗೆದುಹಾಕಿದ್ದರು. ಬ್ರಿಟಿಷ್ ಪದ್ಧತಿಯ ಫಾರ್ಮ್ ಸಾಲನ್ನು ಎಡದಿಂದ ಬಲಕ್ಕೆ ಓದಬೇಕು, ಬಲತುದಿಯದ್ದು ಇತ್ತೀಚಿನ ಓಟ, ಅಡ್ಡಗೆರೆ ಬಂದರೆ ಅಲ್ಲಿಗೆ ಸೀಸನ್ ಬದಲಾಯಿತು ಎಂದರ್ಥ. ಅಂದರೆ ಆ ಎರಡೂ ಗೆಲುವುಗಳು ಹಿಂದಿನ ಸೀಸನ್‌ನವು. ಒಂದು 1000 ಮೀಟರ್, ಇನ್ನೊಂದು 1200, ಎರಡೂ ಒಣಗಿ ಗಟ್ಟಿಯಾದ ಟ್ರ್ಯಾಕಿನಲ್ಲಿ. 1600 ಮೀಟರನ್ನು ಆ ಕುದುರೆ ಜೀವಮಾನದಲ್ಲೇ ಓಡಿರಲಿಲ್ಲ.

ಇನ್ನು ಆ ‘2’. ಕೇಳುವುದಕ್ಕೆ ಎರಡನೇ ಸ್ಥಾನ. ಓಡಿದ್ದು ಒಟ್ಟು ನಾಲ್ಕೇ ಕುದುರೆ, ಗೆದ್ದದ್ದಕ್ಕೂ ಇದಕ್ಕೂ ನಡುವೆ 9 ಲೆಂತ್ ಅಂತರ. ಒಂದು ಲೆಂತ್ ಎಂದರೆ ಕುದುರೆಯ ಮೂಗಿನಿಂದ ಬಾಲದವರೆಗಿನ ಉದ್ದ, ಸುಮಾರು 2.4 ಮೀಟರ್. ಲೆಕ್ಕ ಹಾಕಿದರೆ ಇಪ್ಪತ್ತು ಮೀಟರಿಗೂ ಹೆಚ್ಚು ಹಿಂದೆ. ಹದಿನಾರು ಕುದುರೆಗಳ ಓಟದಲ್ಲಿ ಅರ್ಧ ಲೆಂತ್ ಅಂತರದಲ್ಲಿ ಆರನೆಯದಾಗಿ ಬಂದ ಕುದುರೆ ಇದಕ್ಕಿಂತ ಎಷ್ಟೋ ಚೆನ್ನಾಗಿ ಓಡಿರುತ್ತದೆ, ಆದರೆ ಚಾರ್ಟ್‌ನಲ್ಲಿ ಅದಕ್ಕೆ ಸಿಗುವುದು ‘6’. ಮತ್ತೂ ಒಂದು ವಿಷಯ, ಆ 9 ಲೆಂತ್ ಸೋಲು ಒದ್ದೆ ಟ್ರ್ಯಾಕಿನಲ್ಲೇ ಆದದ್ದು. ನೆನೆದ ನೆಲ ಈ ಕುದುರೆಗೆ ಒಗ್ಗುವುದಿಲ್ಲ ಎನ್ನುವುದಕ್ಕೆ ಸಾಕ್ಷಿ ಅದರ ಕಟ್ಟಕಡೆಯ ಓಟದಲ್ಲೇ ಇತ್ತು. ಆ ಓಟವನ್ನೇ ಹಸಿರು ಬಣ್ಣ ಬಳಿದು ಮಾರಿದ್ದರು.

ತೂಕದ ಸಂಗತಿ ಇನ್ನೂ ಮುಖ್ಯ. ಇದು ಹ್ಯಾಂಡಿಕ್ಯಾಪ್ ಓಟ. ಹ್ಯಾಂಡಿಕ್ಯಾಪ್‌ನಲ್ಲಿ ಕುದುರೆ ಗೆದ್ದಷ್ಟೂ ಅದರ ರೇಟಿಂಗ್ (ಸಾಮರ್ಥ್ಯಕ್ಕೆ ಕೊಡುವ ಅಂಕ) ಏರುತ್ತದೆ, ರೇಟಿಂಗ್ ಏರಿದಷ್ಟೂ ಬೆನ್ನ ಮೇಲಿನ ತೂಕ ಏರುತ್ತದೆ. ಎಲ್ಲ ಕುದುರೆಗಳಿಗೂ ಗೆಲ್ಲುವ ಅವಕಾಶ ಸಮವಾಗಿರಲಿ ಎನ್ನುವುದೇ ಅದರ ಉದ್ದೇಶ. ಈ ಕುದುರೆ ಗೆದ್ದಾಗ 52 ಕೆ.ಜಿ. ಹೊತ್ತಿತ್ತು, ಅವತ್ತು 58. ಒಂದು ಮೈಲಿಯ (ಸುಮಾರು 1600 ಮೀಟರ್) ಓಟದಲ್ಲಿ ಒಂದು ಲೆಂತ್‌ಗೆ ಸುಮಾರು 1 ಕೆ.ಜಿ., 1000 ಮೀಟರಿನಲ್ಲಿ ಸುಮಾರು ಒಂದೂವರೆ ಕೆ.ಜಿ. ಎನ್ನುವುದು ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ ರೂಢಿಯ ಅಂದಾಜು. ಹಾಗೆ ನೋಡಿದರೆ ಓಟ ಶುರುವಾಗುವ ಮೊದಲೇ ಅದು ಹೆಚ್ಚುಕಮ್ಮಿ ಆರು ಲೆಂತ್ ಬಿಟ್ಟುಕೊಟ್ಟ ಹಾಗೆ. ಆ ಎರಡು ‘1’ಗಳೇ ಈ ಭಾರ ಹೇರಿದ್ದು. ಚಾರ್ಟ್‌ನಲ್ಲಿ ತೂಕದ ಕಾಲಮ್ಮೇ ಇರಲಿಲ್ಲ.

ಮಹಾನ್ ಕುದುರೆಗಳ ವಿಷಯದಲ್ಲೂ ಹಳೆಯ ಫಾರ್ಮ್ ಭರವಸೆ ಕೊಡುವುದಿಲ್ಲ. ಅಮೆರಿಕದ ಆರೊಗೇಟ್ 2016ರ ಟ್ರಾವರ್ಸ್ ಸ್ಟೇಕ್ಸ್ ಅನ್ನು 13½ ಲೆಂತ್‌ನಿಂದ, ಟ್ರ್ಯಾಕ್ ದಾಖಲೆಯೊಂದಿಗೆ ಗೆದ್ದಿತು. ಅದೇ ವರ್ಷ ಬ್ರೀಡರ್ಸ್ ಕಪ್ ಕ್ಲಾಸಿಕ್, 2017ರಲ್ಲಿ ಪೆಗಸಸ್ ವರ್ಲ್ಡ್ ಕಪ್, ಮಾರ್ಚ್‌ನಲ್ಲಿ ದುಬೈ ವರ್ಲ್ಡ್ ಕಪ್. ಆಮೇಲೆ ಕೆಲವು ತಿಂಗಳ ವಿಶ್ರಾಂತಿ. ಜುಲೈನಲ್ಲಿ ಡೆಲ್ ಮಾರ್‌ನ ಸ್ಯಾನ್ ಡಿಯಾಗೊ ಹ್ಯಾಂಡಿಕ್ಯಾಪ್‌ಗೆ ಇಳಿದಾಗ 20 ಕಟ್ಟಿದರೆ 1 ಲಾಭ ಎನ್ನುವಷ್ಟು ದೊಡ್ಡ ಫೇವರಿಟ್, ಅಂದರೆ ಜನ ಅತಿ ಹೆಚ್ಚು ಹಣ ಕಟ್ಟಿದ ಕುದುರೆ. ಐದು ಕುದುರೆಗಳ ಓಟದಲ್ಲಿ ಅದು ನಾಲ್ಕನೆಯದಾಗಿ ಬಂತು.

ಉಲ್ಟಾ ಉದಾಹರಣೆಯೂ ಇದೆ. 2022ರ ಕೆಂಟಕಿ ಡರ್ಬಿಯಲ್ಲಿ ರಿಚ್ ಸ್ಟ್ರೈಕ್‌ನ ಆಡ್ಸ್ 80ಕ್ಕೆ 1, ಅಂದರೆ 1 ಕಟ್ಟಿ ಗೆದ್ದರೆ 80 ಲಾಭ. ಬೇರೊಂದು ಕುದುರೆ ಹಿಂದೆ ಸರಿದದ್ದರಿಂದ ಹಿಂದಿನ ದಿನ ಅವಕಾಶ ಸಿಕ್ಕಿತ್ತು, ಅಲ್ಲಿಯವರೆಗೆ ಗೆದ್ದದ್ದು ಒಂದೇ ಓಟ, ಅದೂ ಕೆಳದರ್ಜೆಯ ಕ್ಲೇಮಿಂಗ್ ಓಟ (ಓಡುವ ಕುದುರೆಗಳನ್ನು ನಿಗದಿತ ಬೆಲೆಗೆ ಕೊಳ್ಳಬಹುದಾದ ಓಟ). ಅಂಕಿ ಮಾತ್ರ ನೋಡಿದವರು ಅದರತ್ತ ತಿರುಗಿಯೂ ನೋಡಲಿಲ್ಲ. ಆದರೆ ಆ ಗೆಲುವು 17¼ ಲೆಂತ್‌ನದ್ದು, ಡರ್ಬಿ ನಡೆಯುವ ಚರ್ಚಿಲ್ ಡೌನ್ಸ್ ಟ್ರ್ಯಾಕಿನಲ್ಲೇ. ಡರ್ಬಿಯಲ್ಲಿ ಮುಂದಿನ ಕುದುರೆಗಳು ಮೊದಲ ಕಾಲು ಮೈಲಿಯನ್ನು 21.78 ಸೆಕೆಂಡಿನಲ್ಲಿ ಓಡಿ ಸುಸ್ತಾದವು, ಹಿಂದೆ ಉಳಿದಿದ್ದ ಇದು ಒಳಬದಿಯಿಂದ ನುಗ್ಗಿ ಗೆದ್ದಿತು. ಇದನ್ನು ಮೊದಲೇ ಹೇಳಬಹುದಿತ್ತು ಎನ್ನುತ್ತಿಲ್ಲ, ಹೇಳಲು ಆಗುತ್ತಿರಲಿಲ್ಲ. ಓಟದ ವೇಗ ಯಾವ ಕುದುರೆಗೆ ಅನುಕೂಲವಾಯಿತು ಎನ್ನುವುದು ಸ್ಥಾನದ ಅಂಕಿಯಲ್ಲಿ ಕಾಣುವುದೇ ಇಲ್ಲ ಎನ್ನುತ್ತಿದ್ದೇನೆ. ಗೇಟಿನಲ್ಲಿ ತಡವಾದದ್ದು, ಮುಂದೆ ದಾರಿ ಸಿಗದೆ ಎಳೆದು ಹಿಡಿದದ್ದು, ತಿರುವಿನಲ್ಲಿ ಹೊರಗೆ ಸುತ್ತಿದ್ದು, ಇವೆಲ್ಲ ವಿಡಿಯೊ ನೋಡಿದರೆ ಮಾತ್ರ ಗೊತ್ತಾಗುತ್ತವೆ. ಫಾರ್ಮ್ ಸಾಲಿನ ‘0’ ಎಂದರೆ ಹತ್ತನೆಯದು ಅಥವಾ ಅದಕ್ಕಿಂತ ಹಿಂದೆ ಅಷ್ಟೇ, ಕಾರಣ ಅದರಲ್ಲಿರುವುದಿಲ್ಲ.

ಈಗ ನನಗೆ ಅತಿ ಹೆಚ್ಚು ನೋವಾದ ಭಾಗ. ಗೆಳೆಯನೊಬ್ಬ ಅದೇ ವ್ಯಕ್ತಿಯ ಇನ್ನೊಂದು ಗುಂಪಿನಲ್ಲಿದ್ದ. ಇಬ್ಬರ ಚಾರ್ಟ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಅದೇ ಓಟ, ಅದೇ ‘ಕಣ್ಣುಮುಚ್ಚಿ ಕಟ್ಟಿ’, ಕುದುರೆ ಮಾತ್ರ ಬೇರೆ! ಎಂಟು ಕುದುರೆಗಳ ಓಟಕ್ಕೆ ಎಂಟು ಗುಂಪು ಮಾಡಿ ಒಂದೊಂದಕ್ಕೆ ಒಂದೊಂದು ಹೆಸರು ಕೊಟ್ಟರೆ ಒಂದು ಗುಂಪಿಗೆ ಗೆಲುವು ಖಚಿತ. ಆ ಗುಂಪಿನವರ ಖುಷಿಯ ಮಾತುಗಳನ್ನೇ ಸ್ಕ್ರೀನ್‌ಶಾಟ್ ತೆಗೆದು ಉಳಿದವರಿಗೆ ತೋರಿಸುತ್ತಾರೆ. ಸೋತ ಗುಂಪಿನಲ್ಲಿ ಪ್ರಶ್ನೆ ಕೇಳಿದವರನ್ನು ಹೊರಹಾಕುತ್ತಾರೆ. ನನ್ನನ್ನೂ ಹಾಕಿದರು. ಇಂಥವರಿಗೆ ಕುದುರೆ ಗೆದ್ದರೂ ಸೋತರೂ ತಿಂಗಳ ಶುಲ್ಕ ಬರುತ್ತಲೇ ಇರುತ್ತದೆ.

ಪ್ರಾಮಾಣಿಕವಾಗಿ ಎಲ್ಲವನ್ನೂ ಅಳೆದು ತೂಗಿ ಆರಿಸಿದರೂ ಲೆಕ್ಕ ನಮ್ಮ ಕಡೆಗಿಲ್ಲ. ಜನ ಅತಿ ಹೆಚ್ಚು ನಂಬುವ ಫೇವರಿಟ್ ಗೆಲ್ಲುವುದೇ ಸುಮಾರು ಮೂರು ಓಟಕ್ಕೆ ಒಂದರಂತೆ. ಟೋಟ್‌ನಲ್ಲಿ (ಎಲ್ಲರೂ ಕಟ್ಟಿದ ಹಣ ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ವ್ಯವಸ್ಥೆ) ಹಂಚುವ ಮೊದಲೇ ಒಂದು ಪಾಲು ಕಡಿತವಾಗುತ್ತದೆ, ಅಮೆರಿಕದಲ್ಲಿ ಗೆಲುವಿಗೆ ಕಟ್ಟಿದ ಒಟ್ಟು ಹಣವಾದ ವಿನ್ ಪೂಲ್‌ನಿಂದ ಸಾಮಾನ್ಯವಾಗಿ 15ರಿಂದ 20 ಪ್ರತಿಶತ. ಅಷ್ಟನ್ನು ದಾಟಿ ಲಾಭ ಮಾಡುವಷ್ಟು ತಿಳಿದವರು ಅದನ್ನು ಗುಂಪಿನಲ್ಲಿ ಮಾರುವುದೇಕೆ? ಎಲ್ಲರೂ ಅದೇ ಕುದುರೆಗೆ ಕಟ್ಟಿದರೆ ಆಡ್ಸ್ ಇಳಿದು ಅವರಿಗೇ ನಷ್ಟವಲ್ಲವೇ? ಮನೆ ಬಾಡಿಗೆ, ಮಕ್ಕಳ ಫೀಸಿನ ಹಣವನ್ನು ಕುದುರೆ ಬಾಲಕ್ಕೆ ಕಟ್ಟಬೇಡಿ, ದಯವಿಟ್ಟು.

ಆಡುವುದೇ ಆದರೆ ಅಧಿಕೃತ ರೇಸ್ ಕಾರ್ಡ್ ನೀವೇ ತೆರೆದು ಆ ಕುದುರೆಯ ಪ್ರತಿ ಓಟದ ದೂರ, ನೆಲ, ತೂಕ, ಅಂತರ, ಎಷ್ಟು ಕುದುರೆ ಓಡಿದವು, ಎಷ್ಟು ದಿನದ ಹಿಂದೆ ಎನ್ನುವುದನ್ನು ಇವತ್ತಿನ ಓಟದ ಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ಆ ಓಟ ಬಿಟ್ಟುಬಿಡಿ. ಈಗಾಗಲೇ ಇಂಥ ಗುಂಪಿಗೆ ಹಣ ಕೊಟ್ಟಿರುವವರು ಬೆಳಗಿನ ಚಾರ್ಟ್ ಬಂದ ತಕ್ಷಣ ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಸಂಜೆಗೆ ಅದು ಇರುವುದಿಲ್ಲ. ಹಣ ಕಳಿಸಿದ ದಾಖಲೆಯನ್ನೂ ಜೊತೆಗಿಟ್ಟುಕೊಂಡು ಮೊದಲು ಬ್ಯಾಂಕಿಗೆ, ಆಮೇಲೆ ಪೊಲೀಸರಿಗೆ ದೂರು ಕೊಡಿ. ಬೇರೆ ಗುಂಪಿನ ಚಾರ್ಟ್ ಇರುವ ಪರಿಚಯದವರು ಸಿಕ್ಕರೆ ಇಬ್ಬರೂ ಸೇರಿಯೇ ಕೊಡಿ, ಎರಡು ಚಾರ್ಟ್ ಒಟ್ಟಿಗಿದ್ದರೆ ಮೋಸವನ್ನು ಬಿಡಿಸಿ ಹೇಳುವ ಕಷ್ಟವಿರುವುದಿಲ್ಲ.