ಫೋನಾ, ಆಸ್ಪತ್ರೆಯಾ?

ಬೈಕ್ ಅಪಘಾತವಾಗಿ ಎರಡು ತಿಂಗಳಾದರೂ ಕಲಬುರಗಿಯ ರಿಂಗ್ ರಸ್ತೆಯಲ್ಲಿ ಲಾರಿ ಹಾರ್ನ್ ಕೇಳಿದರೆ ನನ್ನ ಅಂಗೈ ಬೆವರುತ್ತಿತ್ತು, ರಾತ್ರಿ ಅದೇ ಕನಸು.

ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. 2022ರಲ್ಲಿ ಶುರುವಾದ ಉಚಿತ ಸೇವೆ, ದಿನದ 24 ಗಂಟೆ, ಕನ್ನಡದಲ್ಲೇ ಮಾತು. ಮನೆಯವರಿಗೆ ಗೊತ್ತಾಗಬಾರದು ಅನ್ನೋರಿಗೆ ಇದೇ ಸಲೀಸು. ನಾನಂತೂ ಮಾಳಿಗೆ ಮೇಲೆ ನೀರಿನ ಟ್ಯಾಂಕ್ ಹಿಂದೆ ಕೂತು ಮಾತಾಡಿದೆ.

ಆದರೆ ತಿಂಗಳು ದಾಟಿದರೂ ನಿದ್ದೆ ಇಲ್ಲ, ಕೆಲಸಕ್ಕೆ ಮನಸ್ಸಿಲ್ಲ ಅಂದ್ರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗವೇ ಸರಿ. ಚೀಟಿ ಸಾಲು ಉದ್ದ, ಪರಿಚಯದವರು ಸಿಕ್ಕೇ ಸಿಗುತ್ತಾರೆ (ನನಗೆ ಪಕ್ಕದ ಮನೆ ಕಾಕಾ ಸಿಕ್ಕರು, ಬಿಪಿ ಗುಳಿಗೆಗೆ ಬಂದಿದ್ದರಂತೆ). ಆದ್ರೂ ಡಾಕ್ಟರ್ ಎದುರು ಕೂತು ಕೇಳುತ್ತಾರೆ, ಬೇಕಿದ್ದರಷ್ಟೇ ಔಷಧಿ.

ಸಾಯುವ ಯೋಚನೆ ಬರುತ್ತಿದ್ದರೆ ಆರಿಸುತ್ತ ಕೂರಬೇಡಿ, ಈಗಲೇ ಫೋನ್ ಮಾಡಿ, ಹತ್ತಿರದವರನ್ನು ಕರಕೊಂಡು ಆಸ್ಪತ್ರೆಗೂ ಹೋಗಿ.