ಹೀಟ್ ಕ್ಯೂರ್ ಅಕ್ರಿಲಿಕ್: ಒಳ್ಳೆಯ ಮೆಟೀರಿಯಲ್, ಆದರೆ ಆತುರ ಮಾಡಬೇಡಿ

ಹೀಟ್ ಕ್ಯೂರ್ ಅಕ್ರಿಲಿಕ್ ಅಂದರೆ ಬಿಸಿ ಕೊಟ್ಟು ಗಟ್ಟಿ ಮಾಡುವ ಪ್ಲಾಸ್ಟಿಕ್, ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ದಿನಾ ಕೈಯಲ್ಲಿರುವ ಸಾಮಾನು. ಪಿಂಕ್ ಪೌಡರ್ ಒಂದು ಡಬ್ಬಿ, ಕಂದು ಬಾಟಲಿಯಲ್ಲಿ ಲಿಕ್ವಿಡ್. ಹಲವು ಕಂಪನಿಗಳದ್ದು ಬಳಸಿದ್ದೇನೆ, ಒಳಗಿನ ಕೆಮಿಸ್ಟ್ರಿ ಹೆಚ್ಚುಕಡಿಮೆ ಒಂದೇ. ಅದಕ್ಕೇ ಬ್ರ್ಯಾಂಡ್ ಬಿಟ್ಟು ಮೆಟೀರಿಯಲ್ ಬಗ್ಗೆಯೇ ಬರೆಯುತ್ತಿದ್ದೇನೆ.

ಪೌಡರ್ ಅಂದರೆ ಮೊದಲೇ ಪಾಲಿಮರ್ (ಸಣ್ಣ ಅಣುಗಳು ಕೊಂಡಿಯಾಗಿ ಸೇರಿದ ಉದ್ದ ಸರಪಳಿ) ಆಗಿರುವ ಪಾಲಿ ಮೀಥೈಲ್ ಮೆಥಾಕ್ರಿಲೇಟ್‌ನ ಪುಟ್ಟ ಮಣಿಗಳು. ಅದರಲ್ಲಿ ಚೂರು ಬೆಂಜಾಯ್ಲ್ ಪೆರಾಕ್ಸೈಡ್, ಬಣ್ಣ, ಒಸಡಿನ ರಕ್ತನಾಳದ ಹಾಗೆ ಕಾಣಲಿ ಅಂತ ಕೆಂಪು ನೂಲಿನ ಎಳೆಗಳು. ಲಿಕ್ವಿಡ್ ಅಂದರೆ ಅದೇ ಮೀಥೈಲ್ ಮೆಥಾಕ್ರಿಲೇಟ್, ಇನ್ನೂ ಮಾನೋಮರ್ ರೂಪದಲ್ಲಿ, ಅಂದರೆ ಸರಪಳಿಯಾಗದ ಬಿಡಿ ಅಣುಗಳಾಗಿ. ಬಾಟಲಿಯಲ್ಲೇ ಗಟ್ಟಿಯಾಗದಿರಲಿ ಅಂತ ತುಸು ಹೈಡ್ರೋಕ್ವಿನೋನ್ ಹಾಕಿರುತ್ತಾರೆ. ಬೆಳಕು ಬಿದ್ದರೂ ಕೆಡುತ್ತದೆ, ಬಾಟಲಿ ಕಂದು ಇರುವುದು ಅದಕ್ಕೆ.

ಗಾತ್ರದ ಅಳತೆಯಲ್ಲಿ ಪೌಡರ್ 3 ಪಾಲು, ಲಿಕ್ವಿಡ್ 1 ಪಾಲು. ಇದನ್ನು ಕಣ್ಣಂದಾಜಿನಲ್ಲಿ ಮಾಡುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಬರೀ ಮಾನೋಮರ್ ಗಟ್ಟಿಯಾದರೆ ಗಾತ್ರ ಸುಮಾರು 21% ಕುಗ್ಗುತ್ತದೆ, 3:1 ಬೆರೆಸಿದಾಗ ಅದು 7%ರ ಹತ್ತಿರಕ್ಕೆ ಇಳಿಯುತ್ತದೆ. ಲಿಕ್ವಿಡ್ ಜಾಸ್ತಿ ಆದಷ್ಟೂ ಸೆಟ್ಟು ಬಾಯಲ್ಲಿ ಸಡಿಲ ಆಗುವ ಸಂಭವ ಜಾಸ್ತಿ.

ಬೆರೆಸಿದ ಮೇಲೆ ನಡೆಯುವುದನ್ನು ನೋಡುವುದೇ ನನಗೆ ಇವತ್ತಿಗೂ ಇಷ್ಟ. ಮೊದಲು ಒದ್ದೆ ಮರಳು, ಆಮೇಲೆ ಮುಟ್ಟಿದರೆ ನೂಲು ನೂಲಾಗಿ ಎಳೆಯುತ್ತದೆ, ಆಮೇಲೆ ಚಪಾತಿ ಹಿಟ್ಟಿನಂತೆ ಆಗಿ ಜಾರಿನ ಗೋಡೆ ಬಿಟ್ಟು ಸುಮ್ನೆ ಎದ್ದು ಬರುತ್ತದೆ. ಫ್ಲಾಸ್ಕಿಗೆ, ಅಂದರೆ ಸೆಟ್ಟಿನ ಪ್ಲಾಸ್ಟರ್ ಅಚ್ಚು ಇರುವ ಲೋಹದ ಡಬ್ಬಿಗೆ, ತುಂಬಬೇಕಾದ್ದು ಆ ಹೊತ್ತಿಗೇ. ಸ್ವಲ್ಪ ತಡವಾದರೆ ರಬ್ಬರ್ ಥರ ಆಗಿಬಿಡುತ್ತದೆ, ಅಚ್ಚಿನ ಸಂದಿಗೆ ಇಳಿಯುವುದಿಲ್ಲ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಮಾನೋಮರ್ ಚರ್ಮಕ್ಕೆ ಅಲರ್ಜಿ ತರುತ್ತದೆ, ತೆಳು ಲೇಟೆಕ್ಸ್ ಗ್ಲೌಸನ್ನೂ ದಾಟಿ ಒಳಗೆ ಬರುತ್ತದೆ. ನಾನು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ನಾದುತ್ತೇನೆ.

ಈಗ ಬೇಯಿಸುವುದು. ಇಲ್ಲಿ ನಾನೇ ತಪ್ಪು ಮಾಡಿ ಕಲಿತೆ. ಒಬ್ಬ ಅಜ್ಜಿಯ ಕೆಳಗಿನ ಸೆಟ್ಟು, ಹಿಂಭಾಗ ದಪ್ಪ ಇತ್ತು, ಮರುದಿನವೇ ಕೊಡಬೇಕು ಅಂತ ಫ್ಲಾಸ್ಕನ್ನು ನೇರ ಕುದಿಯುವ ನೀರಿಗೆ ಇಳಿಸಿಬಿಟ್ಟೆ. ಪಾಲಿಶ್ ಮಾಡುವಾಗ ದಪ್ಪ ಭಾಗದ ತುಂಬ ಸಣ್ಣ ತೂತುಗಳು. ಕಾರಣ ಸರಳ. ಬೆಂಜಾಯ್ಲ್ ಪೆರಾಕ್ಸೈಡ್ 60 ಡಿಗ್ರಿ ದಾಟಿದ ಮೇಲೆ ಒಡೆದು ಕ್ರಿಯೆ ಶುರು ಮಾಡುತ್ತದೆ, ಆ ಕ್ರಿಯೆಯೇ ಶಾಖ ಬಿಡುತ್ತದೆ, ಸುತ್ತ ಇರುವ ಪ್ಲಾಸ್ಟರ್ ಆ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ಮಾನೋಮರ್ ಕುದಿಯುವುದು 100.8 ಡಿಗ್ರಿಗೆ. ಹೊರಗೆ ನೀರೇ 100 ಇದ್ದರೆ ಒಳಗೆ ಅದನ್ನು ದಾಟುವುದು ಎಷ್ಟು ಹೊತ್ತು ಹೇಳಿ? ಆವಿಯ ಗುಳ್ಳೆ ಒಳಗೇ ಸಿಕ್ಕಿಕೊಳ್ಳುತ್ತದೆ. ಅಚ್ಚು ಆಗಲೇ ಒಡೆದಾಗಿತ್ತು. ಆ ಅಜ್ಜಿ ಮತ್ತೆ ಬಂದು ಬಾಯಿ ಅಳತೆ ಕೊಡಬೇಕಾಯಿತು, ಅದು ನನಗೆ ಇನ್ನೂ ಬೇಜಾರು.

ಅವತ್ತಿನಿಂದ 74 ಡಿಗ್ರಿಯಲ್ಲಿ 2 ಗಂಟೆ, ಆಮೇಲೆ 100ರಲ್ಲಿ 1 ಗಂಟೆ. ಸಮಯ ಇದ್ದರೆ 74ರಲ್ಲೇ 8 ಗಂಟೆ ಬಿಡುತ್ತೇನೆ. ಆಮೇಲೆ ಫ್ಲಾಸ್ಕ್ ಮೇಜಿನ ಮೇಲೆ ತಾನಾಗಿ ತಣಿಯಬೇಕು. ಬಿಸಿ ಇರುವಾಗಲೇ ತಣ್ಣೀರಿಗೆ ಹಾಕಿದರೆ ಸೆಟ್ಟು ಸೊಟ್ಟ ಆಗುತ್ತದೆ.

ಬಿಸಿ ಇಲ್ಲದೆ ತಾನಾಗಿ ಗಟ್ಟಿಯಾಗುವ ಸೆಲ್ಫ್ ಕ್ಯೂರ್ ಅಕ್ರಿಲಿಕ್ ಸಾಲದಾ ಅಂತ ಕೇಳುತ್ತಾರೆ. ಅದರ ಲಿಕ್ವಿಡ್‌ನಲ್ಲಿ ಅಮೈನ್ ಅನ್ನುವ ಒಂದು ಕೆಮಿಕಲ್ ಇರುತ್ತದೆ, ಅದು ಪೆರಾಕ್ಸೈಡನ್ನು ಬಿಸಿ ಇಲ್ಲದೆಯೇ ಒಡೆಯುತ್ತದೆ. ಬೇಗ ಆಗುತ್ತದೆ, ನಿಜ. ಆದರೆ ಕ್ರಿಯೆ ಪೂರ್ತಿ ಮುಗಿಯುವುದಿಲ್ಲ. ಚೆನ್ನಾಗಿ ಬೇಯಿಸಿದ ಹೀಟ್ ಕ್ಯೂರ್‌ನಲ್ಲಿ ಉಳಿಯುವ ಮಾನೋಮರ್ 0.2ರಿಂದ 0.5% ಇದ್ದರೆ ಇದರಲ್ಲಿ 3ರಿಂದ 5% ಉಳಿಯುತ್ತದೆ. ಬಾಯಿ ಉರಿ, ಕಡಿಮೆ ಗಟ್ಟಿತನ, ಕಾಲ ಕಳೆದಂತೆ ಬಣ್ಣ ಹಳದಿಗೆ ತಿರುಗುವುದು, ಎಲ್ಲ ಇದರ ಜೊತೆಗೇ ಬರುತ್ತವೆ. ರಿಪೇರಿಗೆ ಸೆಲ್ಫ್ ಕ್ಯೂರ್ ಬಹಳ ಒಳ್ಳೆಯದು, ಯಾಕೆಂದರೆ ಮತ್ತೆ ಬೇಯಿಸಿ ಹಳೆ ಸೆಟ್ಟಿನ ಆಕಾರ ಕೆಡಿಸುವ ಭಯವಿಲ್ಲ. ಪೂರ್ತಿ ಸೆಟ್ಟಿಗೆ ನಾನಂತೂ ಬಳಸುವುದಿಲ್ಲ.

1937ರಲ್ಲಿ ವಾಲ್ಟರ್ ರೈಟ್ ಈ ಅಕ್ರಿಲಿಕ್ ತರುವ ಮೊದಲು ವಲ್ಕನೈಟ್ ರಬ್ಬರಿನ ಸೆಟ್ಟು ಹಾಕಿಕೊಳ್ಳುತ್ತಿದ್ದರು. ಗಟ್ಟಿ, ಆದರೆ ಬೆಳಕು ಹಾಯದ ಮಂಕು ಬಣ್ಣ. ಅಕ್ರಿಲಿಕ್ ಪಕ್ಕದಲ್ಲಿಟ್ಟು ನೋಡಿದರೆ ಒಸಡಿನ ಬಣ್ಣ ಎಷ್ಟು ಹತ್ತಿರ ಬಂದಿದೆ ಅಂತ ತಿಳಿಯುತ್ತದೆ, ಅಲ್ವಾ?

ಕೊರತೆ ಇಲ್ಲ ಅಂತಲ್ಲ. ಕೈಜಾರಿ ಗಟ್ಟಿ ನೆಲಕ್ಕೆ ಬಿದ್ದರೆ ಒಡೆಯುತ್ತದೆ, ಮೇಲಿನ ಸೆಟ್ಟು ಅಗಿದೂ ಅಗಿದೂ ನಡುವೆ ಸೀಳುವುದೂ ಉಂಟು. ಸಾಮಾನ್ಯ ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ತುಂಡು ನುಂಗಿದರೆ ಹುಡುಕುವುದು ಕಷ್ಟ. ಶಾಖ ಚೆನ್ನಾಗಿ ದಾಟಿಸುವುದಿಲ್ಲ, ಹಾಗಾಗಿ ಬಿಸಿ ಪಾನೀಯದ ಬಿಸಿ ಅಂಗುಳಕ್ಕೆ ಗೊತ್ತಾಗದೆ ಗಂಟಲಿಗೆ ಹೋದಾಗಲೇ ತಿಳಿಯುತ್ತದೆ.

ಸೆಟ್ಟು ಹಾಕುವವರಿಗೆ ಒಂದು ಮಾತು. ಇದು ಮೆದು ಮೆಟೀರಿಯಲ್, ಟೂತ್‌ಪೇಸ್ಟ್ ಗೀರು ಹಾಕುತ್ತದೆ, ಮೆತ್ತನೆ ಬ್ರಷ್ ಮತ್ತು ಸೋಪು ಸಾಕು. ಕುದಿ ನೀರು ಬೇಡ. ರಾತ್ರಿ ತೆಗೆದಿಟ್ಟಾಗ ತಣ್ಣನೆ ನೀರಲ್ಲಿ ಮುಳುಗಿಸಿಡಿ. ಅಕ್ರಿಲಿಕ್ ನೀರು ಹೀರಿ ಚೂರು ಹಿಗ್ಗಿರುತ್ತದೆ, ಒಣಗಿದರೆ ಕುಗ್ಗಿ ಬೆಳಿಗ್ಗೆ ಕೂರುವುದರಲ್ಲಿ ವ್ಯತ್ಯಾಸ ಬರಬಹುದು.